ಎರಡನೇ ಬಹುಮಾನಕ್ಕೆಂದು ಆಡಿದ ಪೋಕರ್

ಸುಮ್ಮನೆ ಕೂತವರಿಗೆ ಏನೂ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಆಗಿದ್ದೆಲ್ಲ ಸುಮ್ಮನೆ ಕೂತಿದ್ದಾಗಲೇ ಆಗಿದ್ದು. ಇನ್ನೂ ಆಗುತ್ತಲೇ ಇದೆ.

ನನ್ನ ಮನೆ ಡೊಂಬಿವಲಿಯಲ್ಲಿ, ಆಫೀಸು ಸಾನಪಾಡಾದಲ್ಲಿ, ನಡುವೆ ಎರಡು ಲೋಕಲ್ ಟ್ರೈನು. ಆಫೀಸಿನಲ್ಲಿ ಯಾವ ಕೆಲಸ ಮುಗಿದರೂ ಮರುದಿನ ಎಲ್ಲರನ್ನೂ ಕೂರಿಸಿ ರಿವ್ಯೂ ಮಾಡುತ್ತಾರೆ. ಯಾವ ನಿರ್ಧಾರ ಸರಿಯಿತ್ತು, ಯಾವುದು ತಪ್ಪಿತ್ತು, ಯಾರ ಮುಖ ಬಾಡಬೇಕು, ಎಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಈ ಚಾಳಿ ನನಗೂ ಅಂಟಿದೆ. ನಮ್ಮ ಕನ್ನಡ ಸಂಘದ ಪೋಕರ್ ಟೂರ್ನಮೆಂಟ್ ಮುಗಿದ ಮರುದಿನ ಠಾಣೆ ಸ್ಟೇಷನ್ನಿನಲ್ಲಿ ಟ್ರೈನು ಬದಲಿಸಿದೆ, ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೂತು ನನ್ನ ಆಟದ ರಿವ್ಯೂ ನಾನೇ ಮಾಡಿಕೊಂಡೆ.

ಹೂಂ

ನಮ್ಮ ಸಂಘದ ಅಧ್ಯಕ್ಷರು ಉಡುಪಿ ಕಡೆಯವರು, ಡೊಂಬಿವಲಿ ಸ್ಟೇಷನ್ ಪಕ್ಕ ಹೋಟೆಲು ನಡೆಸುತ್ತಾರೆ. ಇಡೀ ಆಯುಷ್ಯ ತಟ್ಟೆ ಲೋಟದ ಸದ್ದಿನಲ್ಲಿ ಕಳೆದದ್ದರಿಂದ ಅವರ ಕಿವಿಗೆ ಸಣ್ಣ ದನಿ ಬೀಳುವುದಿಲ್ಲ. ನನ್ನದು ಸಣ್ಣ ದನಿ. ನಮ್ಮಿಬ್ಬರ ನಡುವಿನ ಕಷ್ಟವೆಲ್ಲ ಇಷ್ಟೇ.

ಸಂಘಕ್ಕೆ ಹುಡುಗ ಹುಡುಗಿಯರು ಬರುತ್ತಿಲ್ಲ ಅಂತ ಈ ಸಲದ ವಾರ್ಷಿಕೋತ್ಸವಕ್ಕೆ ರಂಗೋಲಿ, ಅಂತ್ಯಾಕ್ಷರಿಯ ಜೊತೆ ಪೋಕರ್ ಕೂಡ ಇಟ್ಟರು. "ದುಡ್ಡಿಲ್ಲ, ಜುಗಾರಿ ಅಲ್ಲ" ಅಂತ ಹಿರಿಯರಿಗೆ ಸಮಾಧಾನ ಹೇಳಿ, ನೋಟಿಸ್ ಬೋರ್ಡಿನಲ್ಲಿ 'ಬುದ್ಧಿವಂತರ ಇಸ್ಪೀಟು' ಅಂತ ಬರೆಸಿದರು. ನಾನು ಮೊಬೈಲಿನಲ್ಲಿ ಕಂಪ್ಯೂಟರ್ ಜೊತೆ ಪೋಕರ್ ಆಡುವುದನ್ನು ಅಮ್ಮ ಯಾರ ಹತ್ತಿರವೋ ಹೇಳಿದ್ದಳು. ಒಂದು ಸಂಜೆ ಲೋಕಲಿನಲ್ಲಿದ್ದಾಗ ಅಧ್ಯಕ್ಷರ ಫೋನು.

"ಮಗಾ, ನಿನ್ನ ಹೆಸರು ಬರ್ಕೊಳ್ಳುದಾ?"

"ಊಹೂಂ" ಅಂದೆ. ಅದೇ ಹೊತ್ತಿಗೆ ಟ್ರೈನು ಪಾರ್ಸಿಕ್ ಸುರಂಗ ಹೊಕ್ಕಿತು. 'ಊ' ಸುರಂಗದಲ್ಲೇ ಉಳಿದು, ಡೊಂಬಿವಲಿಗೆ 'ಹೂಂ' ಮಾತ್ರ ತಲುಪಿತು.

ಹೆದರಿಕೆ ಆಟದ್ದಲ್ಲ. ನಮ್ಮ ಸಂಘದಲ್ಲಿ ಯಾವ ಸ್ಪರ್ಧೆ ಗೆದ್ದವರೂ ವೇದಿಕೆ ಹತ್ತಿ ಕನ್ನಡದಲ್ಲಿ 'ಎರಡು ಮಾತು' ಆಡಲೇಬೇಕು. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಮನೆಯಲ್ಲಿ ತುಳು, ಟ್ರೈನಿನಲ್ಲಿ ಹಿಂದಿ, ಮರಾಠಿ. ಕನ್ನಡ ಕಲಿಸಿದ್ದು ಅಜ್ಜ. ಅದು ಕೈಗೆ ಬಂತು, ಬಾಯಿಗೆ ಬರಲಿಲ್ಲ. ಜನರ ಮುಂದೆ ನಿಂತರೆ ನನಗೆ ಯಾವ ಭಾಷೆಯೂ ಬರುವುದಿಲ್ಲ, ಅದು ಬೇರೆ ವಿಷಯ.

ದಾರಿ ಹುಡುಕಿದ್ದು ಅಮ್ಮ. "ಒಂದನೇ ಬಹುಮಾನ ಶೀಲ್ಡು. ಎರಡನೆಯದು ಮಿಕ್ಸರ್. ಎರಡನೆಯವರಿಗೆ ಭಾಷಣ ಇಲ್ಲ. ನಮ್ಮ ಮಿಕ್ಸರ್ ಹಾಕಿದ್ರೆ ಕೆಳಗಿನ ಮನೆಯವರು ಲಿಫ್ಟ್ ಬಿತ್ತು ಅಂತ ಓಡಿ ಬರ್ತಾರೆ. ನೀನು ಎರಡನೆಯವಳಾಗು."

"ಅಕಸ್ಮಾತ್ ಗೆದ್ದುಬಿಟ್ರೆ?"

"ಶೀಲ್ಡಲ್ಲಿ ಚಟ್ನಿ ರುಬ್ಲಿಕ್ಕೆ ಆಗ್ತದಾ?"

ಐವತ್ತು ಚಿಪ್ಸ್

ಪೋಕರಿನಲ್ಲಿ ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಗಳಿಗೆ ಚಿಪ್ಸ್ ಅನ್ನುತ್ತಾರೆ. ಯುವ ವಿಭಾಗದ ಕಾರ್ಯದರ್ಶಿ ಅಧ್ಯಕ್ಷರಿಗೆ ಹೇಳಿದ್ದು ಇಷ್ಟು: "ಒಬ್ಬೊಬ್ಬರಿಗೆ ಐವತ್ತು ಚಿಪ್ಸ್ ಬೇಕು." ಅಧ್ಯಕ್ಷರು, "ಅದೆಲ್ಲ ನನಗೆ ಬಿಡು" ಅಂದರು.

ಭಾನುವಾರ ಬೆಳಿಗ್ಗೆ ಹೋಟೆಲಿನಿಂದ ಡಬ್ಬ ಡಬ್ಬ ಬಂತು. ಬಾಳೆಕಾಯಿ ಚಿಪ್ಸ್. ತೆಂಗಿನೆಣ್ಣೆಯಲ್ಲಿ ಕರಿದದ್ದು, ಇನ್ನೂ ಬಿಸಿ.

ಕಾರ್ಯದರ್ಶಿ ತಲೆ ಹಿಡಿದುಕೊಂಡ. ಅಧ್ಯಕ್ಷರು, "ಎಣಿಸಿಯೇ ಕಳಿಸಿದ್ದು ಮಾರಾಯಾ" ಅಂದರು. ಬೇರೆ ದಾರಿಯಿಲ್ಲದೆ ಹಾಗೇ ಶುರುವಾಯಿತು. ಆಟ ಸುಲಭ. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು ಎಲೆ. ಜೋಡಿ ಕೂಡಿದರೆ ಪಣ ಏರಿಸುವುದು, ಇಲ್ಲದಿದ್ದರೆ ಎಲೆ ಕವುಚಿ ಬಿಡುವುದು. ಶುರುವಿಗೆ ಎಲ್ಲರೂ ಹಾಕಿದ ಒಂದೊಂದು ಚಿಪ್ಸ್ ಸೇರಿ ಪಣವೆಲ್ಲ ಬಿಡದೆ ಉಳಿದವರಿಗೆ. ಇದ್ದದ್ದನ್ನೆಲ್ಲ ಒಂದೇ ಸಲ ಒಳಗೆ ಹಾಕಿದರೆ ಅದಕ್ಕೆ 'ಆಲ್ ಇನ್'.

ನನ್ನ ಎದುರಿಗೆ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಬಹಳ ಯೋಚನೆ ಮಾಡಿ ಆಡುವವರು. ಯೋಚನೆ ಮಾಡುವಾಗ ಅವರ ಕೈ ತಟ್ಟೆಗೆ ಹೋಗುತ್ತಿತ್ತು, ತಟ್ಟೆಯಿಂದ ಬಾಯಿಗೆ ಹೋಗುತ್ತಿತ್ತು. ಮೂರನೇ ಆಟದಲ್ಲಿ ಅವರ ಸರದಿ ಬಂತು. ಕಾರ್ಯದರ್ಶಿ ಬಗ್ಗಿ ನೋಡಿದ. ತಟ್ಟೆ ಖಾಲಿ.

"ಸರ್, ನಿಮ್ಮ ಚಿಪ್ಸ್?"

ಅವರು ಕರ್ಚೀಫಿನಿಂದ ಬಾಯಿ ಒರೆಸಿಕೊಂಡು ಗಂಭೀರವಾಗಿ, "ಆಲ್ ಇನ್" ಅಂದರು.

ಆಮೇಲೆ ಹೋಟೆಲಿನ ಅಡಿಗೆಮನೆಯಿಂದ ಹುಣಸೆ ಬೀಜ ತರಿಸಿ ಆಟ ಮೊದಲಿನಿಂದ ಶುರು ಮಾಡಿದರು. ರಿವ್ಯೂನಲ್ಲಿ ನನ್ನ ಮೊದಲ ಸರಿಯಾದ ನಿರ್ಧಾರ ಇಲ್ಲಿದೆ. ಮನೆಯಲ್ಲೇ ತಿಂಡಿ ತಿಂದು ಹೋಗಿದ್ದೆ.

ಎಡ್ಡೆ ಉಂಡು

ಎರಡನೇ ಸುತ್ತಿಗೆ ಅಮ್ಮ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡಳು. ನನಗೆ ಎರಡು ರಾಜ ಬಿದ್ದಿದ್ದವು. ಹಿಂದಿನಿಂದ ಇಣುಕಿದ ಅಮ್ಮ, ಯಾರಿಗೂ ಗೊತ್ತಾಗಬಾರದೆಂದು, ತುಳುವಿನಲ್ಲಿ ಪಿಸುಗುಟ್ಟಿದಳು: "ಎಡ್ಡೆ ಉಂಡು, ಬುಡಡ." ಚೆನ್ನಾಗಿದೆ, ಬಿಡಬೇಡ ಅಂತ.

ಮೇಜಿನ ಸುತ್ತ ಇದ್ದವರೆಲ್ಲ ಉಡುಪಿಯವರು. ಒಬ್ಬರಾದ ಮೇಲೆ ಒಬ್ಬರು ಎಲೆ ಕವುಚಿಟ್ಟರು. ಎರಡು ರಾಜರನ್ನು ಇಟ್ಟುಕೊಂಡು ನನಗೆ ಸಿಕ್ಕಿದ್ದು ನಾಲ್ಕು ಹುಣಸೆ ಬೀಜ.

"ಅಮ್ಮಾ, ಇಲ್ಲಿ ಎಲ್ಲರಿಗೂ ತುಳು ಬರುತ್ತೆ!"

"ಆಯ್ತು, ಇನ್ನು ಬಾಯಿ ಬಿಡುದಿಲ್ಲ" ಅಂತ ಅಮ್ಮ ಮುನಿಸಿಕೊಂಡಳು. ಮುಂದಿನ ಆಟದಲ್ಲಿ ಬಾಯಿ ಬಿಡಲಿಲ್ಲ ನಿಜ, ನನ್ನ ಎಲೆ ನೋಡಿ ಹಣೆ ಚಚ್ಚಿಕೊಂಡಳು. ಎಲ್ಲರೂ ಖುಷಿಯಿಂದ ಪಣ ಏರಿಸಿದರು. ನನ್ನ ಬೀಜದಲ್ಲಿ ಅರ್ಧ ಹೋಯಿತು.

ಅದರ ಮುಂದಿನ ಆಟದಲ್ಲಿ ನನ್ನ ಕೈಯಲ್ಲಿ ಮೂರು ಮತ್ತು ಎಂಟು. ಅದನ್ನಿಟ್ಟುಕೊಂಡು ಏನೂ ಮಾಡುವ ಹಾಗಿಲ್ಲ. ಬಿಟ್ಟುಬಿಡೋಣ ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ, ಈ ಸಲ ಗಟ್ಟಿಯಾಗಿಯೇ: "ಆಹಾ, ಎಡ್ಡೆ ಉಂಡು!"

ಮೇಜಿನ ಮೇಲೆ ಪಟಪಟ ಎಲೆಗಳು ಕವುಚಿ ಬಿದ್ದವು. ಆ ಸಲದ ಪಣ ಪೂರ್ತಿ ನನ್ನ ಕಡೆಗೆ ಬಂತು. ನಾನು ಆಶ್ಚರ್ಯದಿಂದ ತಿರುಗಿ ನೋಡಿದೆ. ಅಮ್ಮ ನನ್ನ ಎಲೆ ನೋಡಿಯೇ ಇರಲಿಲ್ಲ. ಯಾರೋ ತಂದುಕೊಟ್ಟ ಶೀರಾ ತಿನ್ನುತ್ತಿದ್ದಳು.

ಎದುರಿಗೆ ಕೂತ ಒಬ್ಬರು ಅಮ್ಮನಿಗೆ, "ನಿಮ್ಮ ಮಗಳ ಮುಖ ನೋಡಿದ್ರೆ ಎಂತದೂ ಗೊತ್ತಾಗುದಿಲ್ಲಪ್ಪ" ಅಂದರು. ಇಷ್ಟು ವರ್ಷ ಪ್ರತಿ ಮದುವೆಯ ಫೋಟೋದಲ್ಲೂ "ಮುಖ ಯಾಕೆ ಹಾಗೆ ಇಟ್ಕೊಂಡಿದ್ದಿ" ಅಂತ ನನ್ನನ್ನು ಬೈದ ಅಮ್ಮ ಚಮಚ ನೆಕ್ಕಿ ಹೇಳಿದಳು: "ಅದು ನಮ್ಮ ಕಡೆಯಿಂದ ಬಂದದ್ದು."

ಕೊನೆ ಎಲೆ

ಸೆಮಿಫೈನಲಿನಲ್ಲಿ ನಾಲ್ಕು ಜನ. ಇಬ್ಬರು ಉಳಿಯಬೇಕು. ಆಟದ ನಡುವೆ ಫೋನು ಬಂತು ಅಂತ ಎದ್ದು ಹೋಗುವವರು ಹೆಚ್ಚಾಗಿದ್ದರಿಂದ, ಎಲೆ ಹಾಕುವಾಗ ಜಾಗ ಬಿಟ್ಟವರು ಔಟ್ ಅಂತ ಕಾರ್ಯದರ್ಶಿ ಬೆಳಿಗ್ಗೆಯೇ ನಿಯಮ ಮಾಡಿದ್ದ. ನನ್ನ ಹತ್ತಿರ ಉಳಿದಿದ್ದು ಒಂದು ಹಿಡಿ ಬೀಜ. ನಾಲ್ಕನೆಯವಳಾಗುವುದು ಖಾತ್ರಿಯಿತ್ತು. ಮಿಕ್ಸರ್ ಕೈ ತಪ್ಪಿತು ಅಂತ ಅಮ್ಮನ ಮುಖವೇ ಹೇಳುತ್ತಿತ್ತು.

ಎಲೆ ಹಾಕುತ್ತಿದ್ದವರು ಸ್ವತಃ ಅಧ್ಯಕ್ಷರು. ಮೇಜಿನ ಮೇಲೆ ನಾಲ್ಕು ಎಲೆ ಬಿದ್ದಿತ್ತು, ಇನ್ನೊಂದು ಬಾಕಿ. ಸಭೆಗೂ ರೋಮಾಂಚನವಾಗಲಿ ಅಂತ ಅವರು ಮೈಕು ಹಿಡಿದು ಘೋಷಿಸಿದರು: "ಕೊನೆ ಎಲೆ ಹಾಕ್ತಾ ಇದ್ದೇನೆ! ಇನ್ನು ಎಲೆ ಇಲ್ಲ!"

ಅಂದು ಬಾಳೆ ಎಲೆಯ ಊಟ. ಪಾಯಸದ ಪರಿಮಳ ಆಗಲೇ ಸಭಾಂಗಣಕ್ಕೆ ಬಂದಿತ್ತು.

ಮುಂದೆ ಆದದ್ದನ್ನು ಸಂಜೆ ಹೊತ್ತಿನ ಠಾಣೆ ಸ್ಟೇಷನ್ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಕುರ್ಚಿ ಉರುಳಿತು, "ಅಜ್ಜಿಗೆ ಜಾಗ ಹಿಡಿ" ಅಂತ ಯಾರೋ ಕೂಗಿದರು. ನಮ್ಮ ಮೇಜಿನ ಇಬ್ಬರು, ಇಬ್ಬರೂ ಬೀಜದ ರಾಶಿ ಇಟ್ಟುಕೊಂಡಿದ್ದವರು, ಎದ್ದು ಊಟದ ಹಾಲಿಗೆ ಓಡಿದರು. ನಿಯಮದ ಪ್ರಕಾರ ಇಬ್ಬರೂ ಔಟ್.

ಜನ ನುಗ್ಗುವ ಕಡೆ ನಾನು ಹೋಗುವವಳಲ್ಲ, ಹಾಗಾಗಿ ಕೂತೇ ಇದ್ದೆ. ನನ್ನ ಎದುರಿಗೆ ವಿಜಯಪುರ ಕಡೆಯ ಒಬ್ಬರು ಕೂತೇ ಇದ್ದರು. ಮನೆ ಕಳ್ವಾ ಸ್ಟೇಷನ್ ಹತ್ತಿರ, ವಾಗ್ಳೆ ಎಸ್ಟೇಟಿನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ.

"ನೀವ್ಯಾಕೆ ಏಳಲಿಲ್ಲ?" ಅಂತ ಅಧ್ಯಕ್ಷರು ಕೇಳಿದರು.

"ನಮ್ಮಾಕಿ ರೊಟ್ಟಿ ಕಟ್ಕೊಂಡು ಬಂದಾಳ್ರಿ" ಅಂದರು ಅವರು. "ನನಗ ಎಲಿ ಚಿಂತಿ ಇಲ್ಲ."

ಸೋಲುವ ಫೈನಲ್

ಫೈನಲಿಗೆ ಇಬ್ಬರಿಗೂ ಬೀಜ ಸಮನಾಗಿ ಹಂಚಿದರು. ನನಗೆ ಇನ್ನು ಸೋಲುವುದೊಂದೇ ಬಾಕಿ. ಸೋಲುವುದರಲ್ಲಿ ನನಗೆ ಒಳ್ಳೆಯ ಅನುಭವವೂ ಇತ್ತು.

ಎದುರಿನವರು ಮುಂದೆ ಬಾಗಿ ಮೆಲ್ಲಗೆ ಕೇಳಿದರು. "ತಂಗಿ, ಗೆದ್ದವ್ರು ಭಾಷಣ ಮಾಡ್ಬೇಕಂತಲ್ಲ, ಖರೇನ?"

"ಹೂಂ."

"ಹಂಗಾರ ನೀನ ಗೆಲ್ಲವಾ. ನೀನು ಸಾಲಿ ಕಲತಾಕಿ. ನಾ ಟನ್‌ಗಟ್ಲೆ ಮಾಲು ಎತ್ತಿಡ್ತೀನಿ, ಮೈಕ್ ಎತ್ತಾಕ ಆಗಂಗಿಲ್ಲ ನೋಡು."

ಅವರ ಹೆಂಡತಿ ಹಿಂದೆ ಕೂತಿದ್ದರು. "ಶೇಂಗಾ ಚಟ್ನಿ ಕುಟ್ಟಿ ಕುಟ್ಟಿ ನನ್ನ ರಟ್ಟಿ ಹೋಗ್ಯಾವು. ಮಿಕ್ಸರ್ ಬಿಟ್ಟು ಎದ್ದು ಬಂದ್ರ ನೋಡ್ರಿ ಮತ್ತ!"

ನನ್ನ ಹಿಂದಿನಿಂದ ಅಮ್ಮ: "ಬುಡು, ಬುಡು." ಬಿಡು, ಬಿಡು ಅಂತ. ಈ ಸಲ ಎದುರಿನವರಿಗೆ ತುಳು ಬರುತ್ತಿರಲಿಲ್ಲ. ಆದರೆ ಅದರಿಂದ ಪ್ರಯೋಜನವೂ ಇರಲಿಲ್ಲ.

ಎಲೆ ಬಿದ್ದ ಕೂಡಲೇ ಅವರು ಕವುಚಿಟ್ಟರು. ಮುಂದಿನ ಸಲ ನಾನು ಕವುಚಿದೆ. ಮತ್ತೆ ಅವರು, ಮತ್ತೆ ನಾನು. ಬೀಜಗಳು ಆ ಕಡೆ ಈ ಕಡೆ ತಿರುಗಾಡಿ ಇದ್ದಲ್ಲಿಗೇ ವಾಪಸ್ ಬರುತ್ತಿದ್ದವು. ಊಟ ಮುಗಿಸಿ ಬಂದ ಜನ ಸುತ್ತ ಸೇರಿ, ಇದು ಯಾವುದೋ ದೊಡ್ಡ ತಂತ್ರ ಅಂತ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಧ್ಯಕ್ಷರಿಗೆ ಮಾತ್ರ ತಾಳ್ಮೆ ಕೆಟ್ಟಿತು. "ಎಂತ ಆಟ ಇದು? ಮದುವೆ ಮನೆಯಲ್ಲಿ ನೀವು ಮೊದಲು ಕೂತ್ಕೊಳ್ಳಿ, ನೀವು ಮೊದಲು ಅಂದ ಹಾಗೆ!"

ಹೀಗಾದರೆ ಸೋಲುವುದೇ ಇಲ್ಲ ಅಂತ ನನಗೆ ಹೊಳೆಯಿತು. ಸೋಲಬೇಕಾದರೆ ಕೆಟ್ಟ ಎಲೆ ಹಿಡಿದು ಎಲ್ಲವನ್ನೂ ಪಣಕ್ಕಿಡಬೇಕು. ದೇವರೇ ಕಳಿಸಿದ ಹಾಗೆ ಎರಡು ಮತ್ತು ಏಳು ಬಂತು, ಅದೂ ಬೇರೆ ಬೇರೆ ಬಣ್ಣದ್ದು. ಪೋಕರಿನಲ್ಲಿ ಅದಕ್ಕಿಂತ ಕೆಟ್ಟ ಕೈ ಇಲ್ಲ. ನಾನು ಅಷ್ಟೂ ಬೀಜ ಮುಂದಕ್ಕೆ ತಳ್ಳಿ ಅವತ್ತಿನ ನನ್ನ ಅತಿ ಗಟ್ಟಿ ದನಿಯಲ್ಲಿ "ಆಲ್ ಇನ್" ಅಂದೆ.

ಅವರ ಮುಖ ಅರಳಿತು. "ನಂದೂ ಎಲ್ಲಾ ರೀ!"

ಎಲೆ ತೆರೆದರು. ಅವರದು ಒಂಬತ್ತು ಮತ್ತು ಮೂರು. ಅವರೂ ನನ್ನಷ್ಟೇ ಶ್ರದ್ಧೆಯಿಂದ ಸೋಲಲು ಹೊರಟಿದ್ದರು. ಮೇಜಿನ ಮೇಲೆ ರಾಜ, ಗುಲಾಮ, ಎಂಟು, ಐದು ಬಿದ್ದವು. ಇಬ್ಬರಿಗೂ ಏನೂ ಕೂಡಲಿಲ್ಲ, ಆದರೆ ಅವರ ಒಂಬತ್ತು ನನ್ನ ಏಳಿಗಿಂತ ದೊಡ್ಡದು. ಸೋತೆ ಅಂತ ನಾನು ನೆಮ್ಮದಿಯಿಂದ ಹಿಂದಕ್ಕೆ ಒರಗಿದೆ. ಅಧ್ಯಕ್ಷರು ಕೊನೆ ಎಲೆ ಹಾಕಿದರು, ಈ ಸಲ ಮೈಕಿಲ್ಲದೆ.

ಎರಡು.

ನನ್ನದು ಎರಡರ ಜೋಡಿ. ಇಡೀ ಇಸ್ಪೀಟು ಕಟ್ಟಿನಲ್ಲೇ ಅತಿ ಸಣ್ಣ ಜೋಡಿ, ಆದರೂ ಜೋಡಿ. ಎದುರಿನವರು ಕುರ್ಚಿಯಿಂದ ಹಾರಿ ಎದ್ದು "ಸೋತ್ನೆಪಾ!" ಅಂತ ಎರಡೂ ಕೈ ಎತ್ತಿ ಕೂಗಿದರು. ಅವರ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. ನನ್ನ ಹಿಂದೆ ಅಮ್ಮ "ಅಯ್ಯೋ ದೇವರೇ" ಅಂತ ಕಣ್ಣು ಮುಚ್ಚಿಕೊಂಡಳು.

ನಿವೃತ್ತ ಮ್ಯಾನೇಜರು ಪಕ್ಕದವರಿಗೆ ಹೇಳಿದರು: "ಸೋಲನ್ನು ಹೀಗೆ ಸ್ವೀಕರಿಸುವವರನ್ನು ನಾನು ನೋಡಿಯೇ ಇಲ್ಲ."

ರಿವ್ಯೂನಲ್ಲಿ ಈ ಜಾಗದಲ್ಲಿ ನಾನು ಬಹಳ ಹೊತ್ತು ನಿಂತೆ. ನಿರ್ಧಾರ ನೂರಕ್ಕೆ ನೂರು ಸರಿ. ಫಲ ಶೀಲ್ಡು.

ಎರಡು ಮಾತು

"ಮಗಾ, ಬಾ, ಎರಡು ಮಾತಾಡ್ತಿಯಲ್ಲಾ?" ಅಂತ ಅಧ್ಯಕ್ಷರು ವೇದಿಕೆಯಿಂದ ಕರೆದರು. "ಊಹೂಂ" ಅಂದೆ. "ಹೂಂ ಅಂದ್ಳು!" ಅಂತ ಅವರು ಸಭೆಗೆ ತಿಳಿಸಿದರು.

ಮೈಕು ಕೈಗೆ ಬಂತು. ಪಕ್ಕದಲ್ಲಿ ಫೋರ್ಕ್‌ಲಿಫ್ಟಿನವರು ಮಿಕ್ಸರಿನ ಡಬ್ಬವನ್ನು ಮಗುವಿನ ಹಾಗೆ ಅಪ್ಪಿಕೊಂಡು ನಿಂತಿದ್ದರು. ಎದುರಿಗೆ ತುಂಬಿದ ಸಭೆ. ಹೊಟ್ಟೆ ತುಂಬಿದ್ದರಿಂದ ಎಲ್ಲರಿಗೂ ಕೇಳಿಸಿಕೊಳ್ಳುವ ಪುರುಸೊತ್ತು. ಅಜ್ಜ ಕಲಿಸಿದ ಕನ್ನಡದಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಅಮ್ಮನನ್ನು ನೋಡಿದೆ. ಅಮ್ಮ ಡಬ್ಬವನ್ನು ನೋಡುತ್ತಿದ್ದಳು. ಬಾಯಿಗೆ ಬಂದದ್ದು ಇಷ್ಟು:

"ಮಿಕ್ಸರ್ ಬೇಕಿತ್ತು."

ಸಭೆಯ ಮಧ್ಯದಿಂದ ಡಬ್ಬ ಹಿಡಿದವರ ಹೆಂಡತಿ ಎದ್ದು ನಿಂತು, "ಕೊಡಂಗಿಲ್ಲ!" ಅಂದರು. ಇನ್ನೊಂದು ಮೂಲೆಯಿಂದ ನನ್ನ ಅಮ್ಮ, "ಚಟ್ನಿಯಾದ್ರೂ ಕಳಿಸಿ!" ಅಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ನಾನು, ಇನ್ನೇನಾದರೂ ಬಾಯಿಂದ ಬಂದುಬಿಟ್ಟರೆ ಅಂತ ಹೆದರಿ, ಮೈಕಿನ ಸ್ವಿಚ್ಚು ಆರಿಸಿದೆ.

ಅಧ್ಯಕ್ಷರು ಕಣ್ಣೊರೆಸಿಕೊಂಡು ತಮ್ಮ ಮೈಕಿನಲ್ಲಿ ಹೇಳಿದರು: "ನೋಡಿ, ನಮ್ಮ ಸಂಘ ಶುರುವಾದಾಗಿನಿಂದ ಎರಡು ಮಾತು ಅಂದ್ರೆ ಎರಡೇ ಮಾತು ಆಡಿದವಳು ಇವಳೊಬ್ಬಳೇ. ಬರುವ ವರ್ಷ ಇಡೀ ಕಾರ್ಯಕ್ರಮದ ನಿರೂಪಣೆ ಇವಳೇ ಮಾಡ್ಲಿ. ಹೊತ್ತಿಗೆ ಸರಿಯಾಗಿ ಊಟ ಆಗ್ತದೆ. ಆಗ್ಬಹುದಾ ಮಗಾ?"

ಈ ಸಲ ನಾನು ಮೋಸ ಹೋಗಬಾರದು ಅಂದುಕೊಂಡೆ. ಇಲ್ಲಿ ಸುರಂಗವಿಲ್ಲ, ಕೈಯಲ್ಲಿ ಮೈಕಿದೆ. ಅದನ್ನು ಬಾಯಿಯ ಹತ್ತಿರ ತಂದು, ಸ್ವಿಚ್ಚು ಒತ್ತಿ, ಜೀವಮಾನದಲ್ಲಿ ಮೊದಲ ಸಲ ಸ್ಪಷ್ಟವಾಗಿ, ಗಟ್ಟಿಯಾಗಿ, ಪೂರ್ತಿಯಾಗಿ "ಊಹೂಂ" ಅಂದೆ.

ಮೈಕು ಆನ್ ಆಗಲು ಒಂದು ಗಳಿಗೆ ತೆಗೆದುಕೊಂಡಿತು. 'ಊ' ನನ್ನ ಹತ್ತಿರವೇ ಉಳಿಯಿತು.