ಅತ್ತೆಗೊಂದು ಶಾಲು

ನಮ್ಮ ಅತ್ತೆ ಯಾರ ಮುಖ ನೋಡಿಯೂ ಮಾತಾಡಿಸುವವಳಲ್ಲ. ಮೊದಲು ಕಾಲು ನೋಡುತ್ತಾಳೆ. ಗೊತ್ತಿಲ್ಲದವರು ಇದನ್ನು ವಿನಯವೆಂದು ತಿಳಿದುಬಿಡುತ್ತಾರೆ. ‘ನಿಮ್ಮ ಅತ್ತೆ ಎಷ್ಟು ತಗ್ಗಿಬಗ್ಗಿ ಇರ್ತಾರೆ, ತಲೆ ಎತ್ತಿ ನೋಡೋದೇ ಇಲ್ಲ’ ಎಂದು ನನ್ನೆದುರೇ ಹೊಗಳಿದವರಿದ್ದಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ! ಅವಳು ನೋಡುತ್ತಿರುವುದು ನಿಮ್ಮ ಮೀನಖಂಡವನ್ನು. ನೀವು ‘ನಮಸ್ಕಾರ’ ಎಂದು ಕೈ ಎತ್ತುವಷ್ಟರಲ್ಲಿ ಅವಳು ನಿಮ್ಮನ್ನು ನೂರು ಮೀಟರ್ ಓಟಕ್ಕೋ ಉದ್ದ ಜಿಗಿತಕ್ಕೋ ಗುಂಡು ಎಸೆತಕ್ಕೋ ಸೇರಿಸಿ ಆಗಿರುತ್ತದೆ. ಯಾವುದಕ್ಕೂ ಒದಗದವರು ಎಂದು ಅವಳ ಲೆಕ್ಕದಲ್ಲಿ ಯಾರೂ ಇಲ್ಲ. ಅಂಥವರನ್ನು ಹಗ್ಗಜಗ್ಗಾಟದಲ್ಲಿ ಕಡೆಗೆ ನಿಲ್ಲಿಸುತ್ತಾಳೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಸಾಗರದ ಕಾನ್ವೆಂಟ್ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನಾನು ಅದೇ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಸಾಲದ್ದಕ್ಕೆ ಅವಳು ಇರುವುದೂ ನಮ್ಮ ಮನೆಯ ಮಹಡಿ ಕೋಣೆಯಲ್ಲೇ. ಅಂದರೆ ಹಗಲಿಡೀ ಅವಳ ಸೀಟಿ, ಮನೆಗೆ ಬಂದರೂ ಅವಳ ಸೀಟಿ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ‘ಪ್ರತಿ ವರ್ಷ ಮುಹೂರ್ತದ ಹೊತ್ತಿಗೇ ಜಿಲ್ಲಾ ಮಟ್ಟದ ಮ್ಯಾಚು ಬರ್ತಿತ್ತು’ ಎನ್ನುತ್ತಾಳೆ. ಬರುವ ಬೇಸಿಗೆಗೆ ಅವಳಿಗೆ ನಿವೃತ್ತಿ. ಅದಕ್ಕೇ ಈ ವರ್ಷದ ಕ್ರೀಡಾ ಸನ್ಮಾನದ ದಿನ ಅವಳಿಗೊಂದು ಶಾಲು ಹೊದಿಸಲೇಬೇಕೆಂದು ಶಾಲೆ ಹಟ ಹಿಡಿಯಿತು. ಹೊದ್ದುಕೊಳ್ಳುವುದೇ ಇಲ್ಲವೆಂದು ಅವಳು. ಆ ಜಗ್ಗಾಟದ ಕತೆ ಹೇಳಬೇಕಾದರೆ ಈ ಹೆಂಗಸು ಎಂಥವಳು ಎಂದು ಸ್ವಲ್ಪ ಹೇಳಲೇಬೇಕು.

ನನ್ನನ್ನು ನೋಡಲು ತೀರ್ಥಹಳ್ಳಿ ಕಡೆಯ ಗಂಡು ಬಂದಿದ್ದರು. ನಾನು ಕಾಫಿ ತಂದು ಕೊಟ್ಟು ತಲೆ ತಗ್ಗಿಸಿ ನಿಂತೆ. ಅತ್ತೆ ನನಗಿಂತ ಹೆಚ್ಚು ತಲೆ ತಗ್ಗಿಸಿ ಕೂತಿದ್ದಳು. ಹುಡುಗನ ತಾಯಿಗೆ ಇದು ಬಹಳ ಹಿಡಿಸಿತು. ಅಷ್ಟರಲ್ಲಿ ಅತ್ತೆ, ‘ಸ್ವಲ್ಪ ಗೇಟಿನ ತನಕ ನಡ್ಕಂಡು ಹೋಗಿ ಬರ್ತೀರಾ?’ ಎಂದಳು ಹುಡುಗನಿಗೆ. ಪಾಪ, ಏನೋ ಶಾಸ್ತ್ರವಿರಬೇಕು ಎಂದುಕೊಂಡು ಅವರು ಹೋಗಿ ಬಂದರು. ‘ಈಗ ಸ್ವಲ್ಪ ಬೇಗ’ ಎಂದಳು. ಬೇಗ ಹೋಗಿ ಬಂದರು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರುವಾಗ ಅತ್ತೆ ಒಳಗೆ ಬಂದು ತೀರ್ಪು ಕೊಟ್ಟಳು: ‘ಎಡ ಮಂಡಿ ಸ್ವಲ್ಪ ಒಳಗೆ ವಾಲ್ತದೆ. ಆದ್ರೆ ಉಸಿರು ಚೆನ್ನಾಗಿದೆ. ಮಾಡ್ಕಬಹುದು.’ ಮಾಡಿಕೊಂಡೆ. ಇಂದಿಗೂ ನನ್ನ ಗಂಡ ಅತ್ತೆಯೆದುರು ನಡೆಯುವಾಗ ಎಡಗಾಲನ್ನು ಬಹಳ ಜೋಪಾನವಾಗಿ ಇಡುತ್ತಾರೆ.

ಇದೇನೂ ದೊಡ್ಡದಲ್ಲ. ರಿಪ್ಪನ್‌ಪೇಟೆಯ ಸಂಗತಿ ಕೇಳಿ. ಒಂದು ಸಂಜೆ ಅತ್ತೆ ಅಲ್ಲಿ ಬಸ್ಸಿನಲ್ಲಿ ಕೂತಿದ್ದಳು. ಬಸ್ಸು ಹೊರಟ ಮೇಲೆ ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡ ಒಬ್ಬಳು ಹುಡುಗಿ ಹಿಂದಿನಿಂದ ಓಡಿ ಬಂದು ಚಲಿಸುವ ಬಸ್ಸನ್ನು ಹಿಡಿದಳು. ಹತ್ತಿದ ಮೇಲೆ ಏದುಸಿರು ಕೂಡ ಇಲ್ಲ! ಅತ್ತೆಗೆ ಅಲ್ಲಿಗೆ ಸಾಗರ ಮರೆತುಹೋಯಿತು. ಹುಡುಗಿ ಇಳಿದಲ್ಲಿ ತಾನೂ ಇಳಿದಳು, ಹುಡುಗಿಯ ಹಿಂದೆಯೇ ಅವಳ ಮನೆಗೆ ನಡೆದಳು. ಕೈಯಲ್ಲೊಂದು ಚೀಲ, ಒಗೆದ ಸೀರೆ, ನಡುವಯಸ್ಸಿನ ಹೆಂಗಸು. ‘ನಿಮ್ಮ ಮಗಳ ವಿಚಾರ ಮಾತಾಡಣ ಅಂತ ಬಂದೆ’ ಎಂದಾಗ ಮನೆಯವರು ಏನು ತಿಳಿಯಬೇಕು? ಚಾಪೆ ಹಾಸಿದರು, ಚಕ್ಕುಲಿ ತಂದಿಟ್ಟರು, ಮದುವೆಗೆ ಬೆಳೆದಿದ್ದ ಹಿರಿಯ ಮಗಳಿಗೆ ಹೂ ಮುಡಿಸಿ ಹೊರಗೆ ಕರೆದರು. ಅತ್ತೆ ಅವಳ ಕಾಲು ನೋಡಿದಳು.

‘ಇವಳು ಬೇಡ. ಚಿಕ್ಕವಳನ್ನ ಕೊಡಿ’ ಎಂದಳು.

ಹುಡುಗಿಯ ಅಪ್ಪ ಎದ್ದು ನಿಂತರು. ‘ಏನಮ್ಮಾ, ಅವಳಿನ್ನೂ ಏಳನೇ ಕ್ಲಾಸು.’

‘ಅದಕ್ಕೇ ಕೇಳ್ತಿರೋದು. ಈಗ್ಲೇ ಕೊಟ್ರೆ ಒಳ್ಳೇದು. ದೊಡ್ಡವರಾದ್ರೆ ಮೈ ಬಗ್ಗಲ್ಲ.’

ಆ ಮನೆಯ ಅಜ್ಜಿ ಪೊರಕೆ ಹುಡುಕಲು ಒಳಗೆ ಹೋದದ್ದು ಅತ್ತೆಗೆ ಕಾಣಲೇ ಇಲ್ಲ. ಅವಳು ಚಕ್ಕುಲಿ ತಿನ್ನುತ್ತ ಹುಡುಗಿಗೆ ಹಾಲು ಮೊಟ್ಟೆ ಏನೇನು ಕೊಡಬೇಕೆಂದು ವಿವರಿಸುತ್ತಿದ್ದಳು. ಪೊರಕೆ ಬರುವ ಮೊದಲೇ ‘ಕಾನ್ವೆಂಟು’, ‘ಗ್ರೌಂಡು’ ಎಂಬ ಮಾತು ಬಾಯಿಗೆ ಬಂದದ್ದು ಅವಳ ಪುಣ್ಯ. ಹುಡುಗಿ ಮುಂದಿನ ವರ್ಷ ನಮ್ಮ ಶಾಲೆಗೆ ಬಂದಳು, ಅತ್ತೆಯ ಕೈಯಲ್ಲಿ ಪಳಗಿ ರಾಜ್ಯ ಮಟ್ಟದಲ್ಲಿ ಓಡಿ ಪದಕವನ್ನೂ ತಂದಳು.

ನಮ್ಮ ಶಾಲೆಯಲ್ಲಿ ಹೀಗೆ ಪದಕ ತಂದ ಮಕ್ಕಳಿಗೂ ಅವರ ತರಬೇತುದಾರರಿಗೂ ವರ್ಷಕ್ಕೊಮ್ಮೆ ಸನ್ಮಾನವಿರುತ್ತದೆ. ಚರ್ಚಿನಿಂದ ಫಾದರ್ ಬಂದು ಆಶೀರ್ವಾದ ಮಾಡುತ್ತಾರೆ, ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹಾರ ಹಾಕುತ್ತಾರೆ, ನಾನು ಮೈಕ್ ಹಿಡಿದು ನಿರೂಪಣೆ ಮಾಡುತ್ತೇನೆ. ಮಕ್ಕಳಿಗೆ ಪದಕ, ತರಬೇತುದಾರರಿಗೆ ಶಾಲು. ಆದರೆ ಶಾಲಿನ ಸರದಿ ಬಂದಾಗ ಅತ್ತೆ ಪ್ರತಿ ವರ್ಷವೂ ಬೇರೆ ಯಾರನ್ನೋ ತಂದು ನಿಲ್ಲಿಸಿಬಿಡುತ್ತಾಳೆ. ‘ನಾನು ಸೀಟಿ ಊದಿದ್ದು ಅಷ್ಟೇ. ಓಡಿಸಿದ್ದು ಇವರು’ ಎನ್ನುತ್ತಾಳೆ. ಒಂದು ವರ್ಷ ಹೆಗ್ಗೋಡಿನ ಕಡೆಯ ಒಬ್ಬ ಅಜ್ಜಿಗೆ ಶಾಲು ಹೋಯಿತು, ಮೊಮ್ಮಗಳನ್ನು ದಿನಾ ಸಂಜೆ ತುಡುಗು ದನದ ಹಿಂದೆ ಅಟ್ಟಿದ್ದಕ್ಕೆ. ದನವನ್ನೂ ಕರೆಸಬೇಕೆಂದು ಅತ್ತೆಗಿತ್ತು. ವೇದಿಕೆಯ ಹಲಗೆ ತಡೆಯುವುದಿಲ್ಲವೆಂದು ಸಿಸ್ಟರ್ ಒಪ್ಪಲಿಲ್ಲ.

ರಿಪ್ಪನ್‌ಪೇಟೆಯ ಹುಡುಗಿ ಪದಕ ತಂದ ವರ್ಷ ಶಾಲು ಸಿಕ್ಕಿದ್ದು ಆ ಬಸ್ಸಿನ ಕಂಡಕ್ಟರಿಗೆ! ಆತ ಬಸ್ಸನ್ನು ನಿಲ್ಲಬೇಕಾದಲ್ಲಿ ಒಂದು ದಿನವೂ ನಿಲ್ಲಿಸಿದವನಲ್ಲ. ಯಾವಾಗಲೂ ಇನ್ನಷ್ಟು ಮುಂದೆ ಹೋಗಿಯೇ ನಿಲ್ಲಿಸುವುದು. ಹುಡುಗಿ ದಿನಾ ಓಡಿ ಓಡಿ ಕಾಲು ಗಟ್ಟಿಯಾಗಿದ್ದೇ ಇದರಿಂದ ಎಂದು ಅತ್ತೆಯ ವಾದ. ಕಾನ್ವೆಂಟಿನಿಂದ ಕರೆ ಬಂದಾಗ ಕಂಡಕ್ಟರ್ ಇದು ದೂರಿನ ವಿಚಾರಣೆಯೇ ಎಂದು ಹೆದರಿ, ಜೊತೆಗೆ ಬಸ್ಸಿನ ಮಾಲೀಕರನ್ನೂ ಕರೆತಂದಿದ್ದ. ವೇದಿಕೆ ಹತ್ತುತ್ತಲೇ ‘ಇನ್ನು ಮೇಲೆ ಸರಿಯಾಗಿ ನಿಲ್ಲಿಸ್ತೀನಿ ಸಿಸ್ಟರ್, ಇದೊಂದ್ಸಲ ಬಿಟ್ಬಿಡಿ’ ಎಂದು ಕೈಮುಗಿದ. ಅತ್ತೆ ಗಾಬರಿಯಾಗಿ, ‘ಹಂಗೆಲ್ಲ ಮಾಡ್ಬೇಡಿ ಮಾರಾಯ್ರೆ, ಇನ್ನೂ ಮೂರು ಜನ ಮಕ್ಕಳು ಅದೇ ಸ್ಟಾಪಲ್ಲಿ ಹತ್ತೋರಿದ್ದಾರೆ’ ಎಂದಳು.

ಹೀಗೆ ಊರಿಗೆಲ್ಲ ಶಾಲು ಹಂಚಿದವಳಿಗೆ ಈ ವರ್ಷ ಸಿಸ್ಟರ್ ಖಂಡಿತವಾಗಿ ಹೇಳಿಬಿಟ್ಟರು. ಸಿಸ್ಟರ್ ಮಂಗಳೂರಿನವರು. ‘ನೋಡಿ ಟೀಚರ್, ಈ ಸಲ ಶಾಲು ನಿಮಗೇ. ಅಜ್ಜಿ, ಕಂಡಕ್ಟರು ಎಲ್ಲ ಬೇಡ. ನೀವು ರಿಟೈರ್ ಆಗುದಲ್ವಾ?’

ಅತ್ತೆ ಸ್ಟಾಫ್ ರೂಮಿನ ನೆಲ ನೋಡಿದಳು. ಆಮೇಲೆ ಹೇಳಿದಳು: ‘ನಮ್ಮಣ್ಣ ಬಂದು ಮುಂದೆ ಕೂತ್ರೆ ಹತ್ತೀನಿ ಸಿಸ್ಟರ್. ಇಲ್ದಿದ್ರೆ ಇಲ್ಲ.’

‘ಅಷ್ಟೇಯಾ? ಬರ್ಲಿ. ಬಸ್ಸು ಉಂಟಲ್ಲ’ ಎಂದರು ಸಿಸ್ಟರ್.

ಬಸ್ಸೇನೋ ಉಂಟು. ಆದರೆ ಅವಳ ಅಣ್ಣ ಎಂದರೆ ನನ್ನಪ್ಪ. ಇಷ್ಟು ವರ್ಷಗಳಲ್ಲಿ ಅವನು ಅತ್ತೆಯ ಶಾಲೆಯ ಗೇಟು ದಾಟಿದವನಲ್ಲ. ಅತ್ತೆ ಹತ್ತನೇ ಕ್ಲಾಸಿನಲ್ಲಿದ್ದಾಗ ನಾನೂರು ಮೀಟರಿನಲ್ಲಿ ಜಿಲ್ಲೆಗೇ ಮೊದಲು ಬಂದಿದ್ದಳಂತೆ. ರಾಜ್ಯ ಮಟ್ಟಕ್ಕೆ ಹೋಗಬೇಕು. ಅಜ್ಜ ತೀರಿಹೋಗಿ ಮನೆಯ ಜವಾಬ್ದಾರಿ ಅಪ್ಪನ ತಲೆಗೆ ಬಿದ್ದಿತ್ತು. ಅವನಿಗೂ ಆಗ ಮೀಸೆ ಬಲಿತ ವಯಸ್ಸಲ್ಲ. ಊರವರು ಏನಂದಾರು ಎಂಬ ಹೆದರಿಕೆ. ‘ಹೆಣ್ಮಗು ಅಷ್ಟು ದೂರ ಹೋಗಿ ಚಡ್ಡಿ ಹಾಕ್ಕಂಡು ಓಡದು ಬೇಡ’ ಎಂದುಬಿಟ್ಟ. ಅತ್ತೆ ಅತ್ತಳು, ಊಟ ಬಿಟ್ಟಳು, ಆಮೇಲೆ ಉಂಡಳು. ಸ್ಪರ್ಧೆಯಲ್ಲಿ ಮತ್ತೆ ಓಡಲಿಲ್ಲ. ಪಿ.ಟಿ. ಟೀಚರ್ ಆಗುತ್ತೇನೆ ಎಂದಾಗ ಅಪ್ಪನೇ ಅವಳ ಟ್ರಂಕು ಹೊತ್ತು ಹಾಸ್ಟೆಲಿಗೆ ಬಿಟ್ಟು ಬಂದ. ಅಣ್ಣ ತಂಗಿ ಚೆನ್ನಾಗಿಯೇ ಇದ್ದಾರೆ. ಶುಂಠಿಯ ರೇಟು, ಎಮ್ಮೆಯ ಕಾಯಿಲೆ, ನನ್ನ ಗಂಡನ ಮಂಡಿ ಎಲ್ಲದರ ಬಗ್ಗೆಯೂ ಗಂಟೆಗಟ್ಟಲೆ ಮಾತಾಡುತ್ತಾರೆ. ಓಟದ ಸುದ್ದಿ ಬಂದರೆ ಮಾತ್ರ ಇಬ್ಬರಿಗೂ ಏನೋ ಕೆಲಸ ನೆನಪಾಗುತ್ತದೆ.

ಅಪ್ಪನನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಊರಿಗೆ ಹೋದೆ. ನಮ್ಮೂರು ರಿಪ್ಪನ್‌ಪೇಟೆಯಿಂದ ಸಾಗರಕ್ಕೆ ಬರುವ ರಸ್ತೆಯಲ್ಲೇ ಇದೆ. ತಮ್ಮನೂ ಅಪ್ಪನೂ ಅಂಗಳದಲ್ಲಿ ಕೂತಿದ್ದರು.

‘ಅವತ್ತು ಶುಂಠಿ ಕೀಳೋರು ಬರ್ತಾರೆ’ ಎಂದ ಅಪ್ಪ.

‘ಅವ್ರು ಬರೋದು ಮುಂದಿನ ವಾರ’ ಎಂದ ತಮ್ಮ.

‘ಹಂಗಾರೆ ಕೊಟ್ಟಿಗೆ ಹೆಂಚು ಕೈಯಾಡಿಸ್ಬೇಕು.’

‘ಮೊನ್ನೆ ತಾನೇ ಆಯ್ತಲ ಅಪ್ಪಾ.’

ಅಪ್ಪ ತಮ್ಮನನ್ನು ಒಂದು ನೋಟ ನೋಡಿದ. ‘ಕಾನ್ವೆಂಟಲ್ಲಿ ಎಲ್ಲಿ ಏಳ್ಬೇಕು ಎಲ್ಲಿ ಕೂರ್ಬೇಕು ನಂಗೆ ಗೊತ್ತಾಗಲ್ಲ. ಇಂಗ್ಲಿಷಲ್ಲಿ ಪ್ರಾರ್ಥನೆ ಮಾಡ್ತಾರೆ.’

‘ಕನ್ನಡದಲ್ಲೇ ಮಾಡ್ತಾರೆ. ಬರೆದುಕೊಟ್ಟಿದ್ದೇ ನಾನು’ ಎಂದೆ.

ನೆಪಗಳೆಲ್ಲ ಮುಗಿದ ಮೇಲೆ ಅಪ್ಪ ಎಲೆಯಡಿಕೆ ತಟ್ಟೆ ಹತ್ತಿರ ಎಳೆದುಕೊಂಡ. ಎಲೆಗೆ ಸುಣ್ಣ ಹಚ್ಚಿದವನು ಬಾಯಿಗೆ ಹಾಕಲಿಲ್ಲ. ‘ಯಾವ ಮುಖ ಇಟ್ಕಂಡು ಬರ್ಲಿ ಮಗಾ’ ಎಂದ. ನಾನು ಹಾಗೇ ವಾಪಸು ಬಂದೆ.

ಸನ್ಮಾನದ ದಿನ ಗ್ರೌಂಡಿನಲ್ಲಿ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ. ಪ್ರಾರ್ಥನೆಯಾಯಿತು, ಫಾದರ್ ಆಶೀರ್ವಾದವಾಯಿತು, ಮಕ್ಕಳಿಗೆ ಪದಕಗಳೂ ಆದವು. ಕುರ್ಚಿ ಖಾಲಿಯೇ. ಅತ್ತೆ ವೇದಿಕೆಯ ಹತ್ತಿರವೂ ಇಲ್ಲ. ಗ್ರೌಂಡಿನ ಆ ತುದಿಯ ಸಾಮಾನು ಕೋಣೆಯ ಮುಂದೆ ಕೂತು ವಾಲಿಬಾಲುಗಳಿಗೆ ಗಾಳಿ ಹೊಡೆಯುತ್ತಿದ್ದಳು. ಆಗಲೇ ಗಟ್ಟಿಯಾಗಿದ್ದ ಚೆಂಡುಗಳಿಗೆ! ನಾನು ಮೈಕಿನಲ್ಲಿ ಕ್ರೀಡೆಯ ಮಹತ್ವ ಹೇಳಿದೆ, ಆರೋಗ್ಯದ ಮಹತ್ವ ಹೇಳಿದೆ, ಶಿಸ್ತಿನ ಮಹತ್ವಕ್ಕೆ ಬಂದೆ. ಸಾಕು ಎಂದು ಸಿಸ್ಟರ್ ಕಣ್ಣಲ್ಲೇ ಹೇಳಿದರೂ ನೋಡದವಳಂತೆ ಸಮಯಪಾಲನೆಗೆ ಕೈಹಾಕಿದೆ.

ಆಗ ಶಾಲೆಯ ಗೇಟಿನೆದುರು ಒಂದು ಬಸ್ಸು ಬಂದು ನಿಂತಿತು. ಆ ರಸ್ತೆಯಲ್ಲಿ ಬಸ್ಸು ಬರುವುದೇ ಇಲ್ಲ! ಕಿಟಕಿಗಳಲ್ಲೆಲ್ಲ ಪ್ರಯಾಣಿಕರ ತಲೆ. ಬಾಗಿಲಲ್ಲಿ ನಮ್ಮ ಶಾಲು ಹೊದ್ದ ಕಂಡಕ್ಟರ್, ಅವನ ಹಿಂದೆ ಇಸ್ತ್ರಿಯಿಲ್ಲದ ಬಿಳಿ ಅಂಗಿಯಲ್ಲಿ ಅಪ್ಪ.

ಆದದ್ದೇನೆಂದು ಆಮೇಲೆ ಕಂಡಕ್ಟರೇ ಹೇಳಿದ. ಸನ್ಮಾನಕ್ಕೆ ಅವನಿಗೂ ಆಹ್ವಾನವಿತ್ತು. ದಾರಿಯಲ್ಲಿ ಅಪ್ಪ ಮನೆಯ ಗೇಟಿನ ಬಳಿ ನಿಂತದ್ದು ಕಂಡು, ಜೀವಮಾನದಲ್ಲಿ ಮೊದಲ ಸಲ, ಎದುರಿಗೇ ಸರಿಯಾಗಿ ಬಸ್ಸು ನಿಲ್ಲಿಸಿದನಂತೆ. ‘ಟೀಚರ್ ಅಣ್ಣ ಅಲ್ವಾ? ಹತ್ತಿ ಯಜಮಾನ್ರೇ. ಕಂಡಕ್ಟರಾಗಿ ನಂಗೇ ಶಾಲು ಹಾಕಿದಾರೆ ಅಲ್ಲಿ, ನಿಮ್ಗೆಂಥ ನಾಚಿಕೆ’ ಎಂದನಂತೆ. ಅದಕ್ಕೆ ಅಪ್ಪನ ಬಳಿ ನೆಪ ತಯಾರಿರಲಿಲ್ಲ. ಅಂಗಿ ಹಾಕಿಕೊಂಡು ಬರುವ ತನಕ ಇಡೀ ಬಸ್ಸು ಕಾದಿತ್ತಂತೆ.

ಅತ್ತೆ ಪಂಪು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಬಂದಳು, ವೇದಿಕೆ ಹತ್ತಿದಳು. ಸಿಸ್ಟರ್ ಶಾಲು ಹೊದಿಸಿದರು. ಮಕ್ಕಳು ಕೂಗಿದ ಕೂಗಿಗೆ ಶಾಮಿಯಾನ ಹಾರದೇ ಉಳಿದದ್ದು ಹೆಚ್ಚು. ಎರಡು ಮಾತಾಡಿ ಎಂದು ಮೈಕ್ ಕೊಟ್ಟೆ. ‘ನಾಳೆ ಬೆಳಿಗ್ಗೆ ಪ್ರಾಕ್ಟೀಸ್ ಇದೆ. ಸನ್ಮಾನ ಆಯ್ತು ಅಂತ ಯಾರೂ ತಪ್ಪಿಸ್ಬೇಡಿ’ ಎಂದು ಇಳಿದುಬಿಟ್ಟಳು. ಅಣ್ಣನ ಹತ್ತಿರ ಹೋಗಿ ‘ಕಾಫಿ ಕುಡುದ್ಯಾ?’ ಎಂದಳು. ಅವನು ‘ಹ್ಞೂಂ’ ಎಂದ. ಕುಡಿದಿರಲಿಲ್ಲ. ಇಷ್ಟು ವರ್ಷ ಕಾದದ್ದು ಇಷ್ಟಕ್ಕೇನಾ ಎಂದು ನನಗೆ ಸಿಟ್ಟೇ ಬಂತು.

ಎಲ್ಲ ಮುಗಿಯುವಷ್ಟರಲ್ಲಿ ಕತ್ತಲಾಗಿ, ಊರಿಗೆ ವಾಪಸು ಹೋಗಲು ಬಸ್ಸಿರಲಿಲ್ಲ. ಅಪ್ಪ ನಮ್ಮಲ್ಲೇ ಉಳಿದ. ಊಟಕ್ಕೆ ಕೂತಾಗ ತಲೆಯೆತ್ತದೆ ಕೇಳಿದ: ‘ಬೆಳಿಗ್ಗೆ ಎಷ್ಟೊತ್ತಿಗೆ ಗ್ರೌಂಡಿಗೆ ಹೋಗ್ತೀಯ?’

‘ಬೆಳಕು ಹರಿಯಕೆ ಮುಂಚೆ. ಯಾಕೆ?’

‘ನಾನೂ ಬರ್ತೀನಿ.’

‘ಚಳಿ ಇರ್ತದೆ ಅಣ್ಣ.’

‘ಇರ್ಲಿ.’

ನಾನೂ ಹಿಂದೆಯೇ ಹೋದೆ. ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ, ಮಕ್ಕಳು ಯಾರೂ ಬಂದಿರಲಿಲ್ಲ. ಅಪ್ಪ ಮಫ್ಲರ್ ಸುತ್ತಿಕೊಂಡು ಟ್ರ್ಯಾಕಿನ ಪಕ್ಕ ನಿಂತ. ಅತ್ತೆ ಎಂದಿನ ಟ್ರ್ಯಾಕ್ ಪ್ಯಾಂಟಿನಲ್ಲಿ, ಕುತ್ತಿಗೆಯಲ್ಲಿ ಸೀಟಿ ಹಾಕಿಕೊಂಡು, ಈ ಕಡೆ ಖೋ ಖೋ, ಆ ಕಡೆ ಹೈಜಂಪ್ ಎಂದು ತೋರಿಸತೊಡಗಿದಳು. ಅಪ್ಪ ಅದೊಂದನ್ನೂ ನೋಡಲಿಲ್ಲ.

‘ಮಕ್ಕಳು ಬರಕೆ ಮುಂಚೆ ನೀನೊಂದ್ಸಲ ಓಡು’ ಎಂದ. ‘ನೀನು ಓಡದನ್ನ ನಾನು ನೋಡೇ ಇಲ್ಲ.’

ಅತ್ತೆ ಸೀಟಿ ತೆಗೆದು ನನ್ನ ಕೈಗೆ ಕೊಟ್ಟಳು. ಬಗ್ಗಿ ಶೂ ಲೇಸ್ ಬಿಗಿ ಮಾಡಿಕೊಂಡಳು, ತುಂಬ ಹೊತ್ತು. ಆಮೇಲೆ ಓಡಿದಳು. ನಿವೃತ್ತಿಗೆ ಬಂದ ಹೆಂಗಸು, ನರೆತ ಜಡೆ ಬೆನ್ನ ಮೇಲೆ ಹಾರಿಸಿಕೊಂಡು, ಮಂಜಿನೊಳಗೆ ಹೊಕ್ಕು ಆ ಕಡೆಯಿಂದ ಬಂದು, ಇಡೀ ಗ್ರೌಂಡು ಒಂದು ಸುತ್ತು. ಏದುಸಿರು ಬಿಡುತ್ತ ಬಂದು ಅಣ್ಣನೆದುರು ನಿಂತಳು.

ಅಪ್ಪ ಮಫ್ಲರಿನ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ.

‘ಸರಿಯಾಗಿ ಕಾಣ್ಲಿಲ್ಲ’ ಎಂದ. ‘ಇನ್ನೊಂದ್ಸಲ ಓಡು.’