ಮಾಮಾನ ಟವೆಲ್ಲು ರೋಪ್‌ವೇ ಹತ್ತಿದ್ದು

ನಾವು ಧಾರವಾಡದ ಕಡೆಯವರು ಊರು ಬಿಟ್ಟು ಹೊರಗೆ ಕಾಲಿಟ್ಟರೆ ಏನಾದರೊಂದು ಆಗಿಯೇ ತೀರುತ್ತದೆ. ಸುತ್ತಲಿನ ಹಳ್ಳಿಗಳಿಗೆ ಬಸ್ ಕಂಡಕ್ಟರಾಗಿ ಓಡಾಡಿದವನು ನಾನು. ಜನರ ತಮಾಷೆಯೆಲ್ಲ ಬಸ್ಸಿನೊಳಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ನಿವೃತ್ತನಾದ ಮೇಲೆ ಗೊತ್ತಾಯಿತು, ಅದು ತಂತಿಯ ಮೇಲೂ ಹೋಗುತ್ತದೆ.

ಉತ್ತರದ ಒಂದು ಗುಡ್ಡದ ಊರಿನಲ್ಲಿ ಮನೆಗಳ ಮೇಲೆಯೇ ತಂತಿ ಎಳೆದು, ಜನರನ್ನು ಡಬ್ಬಿಗಳಲ್ಲಿ ಕೂರಿಸಿ ಸಾಗಿಸುವ ರೋಪ್‌ವೇ ಇದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ನಮ್ಮನ್ನು ಮರೆತಿದ್ದರೆ ಒಳ್ಳೆಯದು. ಹೋದವರು ಮೂವರು: ನಾನು, ಗರಗದ ನನ್ನ ಅಕ್ಕ, ಪಕ್ಕದ ಮನೆಯ ಹತ್ತಿ ವ್ಯಾಪಾರಿ ಸಾಹುಕಾರರು.

ಕಿಡಕಿ ಕಡೆ ಜಾಗಾ

ಮೊದಲು ಅಕ್ಕನ ಗಂಡನ ವಿಷಯ ಹೇಳಬೇಕು. ನಾನು ಮಾಮಾ ಅನ್ನುತ್ತಿದ್ದೆ. ಬಸ್ಸಿನಲ್ಲಿ ಜಾಗ ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಬಸ್ಸು ನಿಲ್ಲುವ ಮೊದಲೇ ಅವರ ಗರಗದ ಖಾದಿ ಟವೆಲ್ಲು ಕಿಟಕಿಯೊಳಗೆ ಹಾರಿ ಸೀಟಿನ ಮೇಲೆ ಬಿದ್ದಿರುತ್ತಿತ್ತು. ಆಮೇಲೆ ಅಕ್ಕ ಮಹಾರಾಣಿಯ ಹಾಗೆ ನಿಧಾನ ಹತ್ತಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಟಿಕೀಟು ಕೇಳಿದರೆ ಮಾಮಾ, “ಅಳಿಯನ ಕಡೆ ರೊಕ್ಕಾ ಇಸಗೊಳ್ಳಾಕ ನಾಚಿಕಿ ಬರೂದಿಲ್ಲೇನೋ?” ಎಂದು ನನ್ನನ್ನೇ ಗದರುತ್ತಿದ್ದರು. ಮನೆಯ ಅಳಿಯನಲ್ಲವೇ! ನಾನೇ ಕಿಸೆಯಿಂದ ಹಾಕುತ್ತಿದ್ದೆ.

ಈ ರೋಪ್‌ವೇ ಟೀವಿಯಲ್ಲಿ ಕಂಡಾಗ ಮಾಮಾ ಅಕ್ಕನಿಗೆ, “ಇದರಾಗೂ ನಿನಗ ಕಿಡಕಿ ಕಡೆ ಜಾಗಾ ಹಿಡದು ಕೊಡ್ತೇನಿ” ಅಂದಿದ್ದರಂತೆ. ಅಷ್ಟರಲ್ಲಿ ತೀರಿಕೊಂಡರು. ಅಂದಿನಿಂದ ಒಂದು ವರ್ಷ ಅಕ್ಕ ಬಾಗಿಲು ದಾಟಿರಲಿಲ್ಲ, ನಕ್ಕಿರಲಿಲ್ಲ. ಹೇಗಾದರೂ ಒಮ್ಮೆ ಅವಳನ್ನು ಅದರಲ್ಲಿ ಕೂರಿಸಬೇಕೆಂದು ನಾನು ಹಟ ಹಿಡಿದು ಕರೆತಂದಿದ್ದೆ. ಅವಳು ಮಾಮಾನ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಳು.

ಗಾಲಿ ಎಲ್ಲೈತಿ?

ನಿಲ್ದಾಣಕ್ಕೆ ಹೋದ ಕೂಡಲೇ ಸಾಹುಕಾರರು ಕಿಸೆಯಿಂದ ಲಿಂಬೆಹಣ್ಣು ತೆಗೆದರು. ಮೊದಲ ಸಲ ಹತ್ತುವ ಗಾಡಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಡದೆ ಅವರು ಹತ್ತುವವರಲ್ಲ. ಬಗ್ಗಿ ಡಬ್ಬಿಯ ಅಡಿ ನೋಡಿದರು.

“ಇದಕ್ಕ ಗಾಲಿನ ಇಲ್ಲಲ್ರಿ!”

“ಮ್ಯಾಲೆ ಅದಾವ ನೋಡ್ರಿ, ತಂತಿ ಮ್ಯಾಲೆ,” ಅಂದೆ.

ಸಾಹುಕಾರರು ತಲೆ ಎತ್ತಿ ಬಹಳ ಹೊತ್ತು ನೋಡಿದರು. “ಅಲ್ಲಿ ಯಾರು ಹತ್ತಿ ಇಡಬೇಕ್ರಿ?” ಅಂದರು. ಅಲ್ಲಿಯ ಕೆಲಸಗಾರ ಅವರ ಕೈಯಲ್ಲಿದ್ದ ಹಣ್ಣನ್ನು ಕಾಣಿಕೆ ಎಂದು ತಿಳಿದು, ಕೈಮುಗಿದು ತೆಗೆದುಕೊಂಡು, ತನ್ನ ನೀರಿನ ಬಾಟಲಿಗೆ ಹಿಂಡಿಕೊಂಡ. “ಗಾಡಿ ನಡಸಾಂವ ಕುಡದಾನಲ್ಲ, ಗಾಡಿಗೆ ಮುಟ್ಟತು ಬಿಡ್ರಿ,” ಎಂದು ಸಾಹುಕಾರರು ಸಮಾಧಾನ ಮಾಡಿಕೊಂಡರು.

ಅಕ್ಕ ಮಾತ್ರ ಒಂದು ಬೆಂಚು ಹಿಡಿದು ಕೂತುಬಿಟ್ಟಳು. “ನೀವು ಹೋಗಿ ಬರ್ರಿ. ಅವರಿಲ್ಲದ ನನಗ್ಯಾಕ ಬೇಕು?” ನನಗೆ ಇಷ್ಟು ದೂರ ಬಂದದ್ದೆಲ್ಲ ವ್ಯರ್ಥವಾಯಿತಲ್ಲ ಎಂದು ಸಂಕಟವಾಯಿತು.

ಸಾವಕಾಶ ಬರ್ರಿ

ಈ ಡಬ್ಬಿಗಳು ಪೂರ್ತಿ ನಿಲ್ಲುವುದಿಲ್ಲ. ಮೆಲ್ಲಗೆ ತೆವಳುತ್ತ ಬಂದು, ಬಾಗಿಲು ತೆರೆದು, ತೆವಳುತ್ತಲೇ ಮುಂದೆ ಸಾಗುತ್ತವೆ. ನಡೆಯುತ್ತಲೇ ಹತ್ತಬೇಕು. ಓಡುವ ಗಾಡಿ ಕಂಡರೆ ನಮ್ಮ ಕಡೆಯವರ ಕೈ ಸುಮ್ಮನಿರುತ್ತದೆಯೇ? ಸಾಹುಕಾರರು ಅಕ್ಕನ ಹೆಗಲಿನ ಟವೆಲ್ಲನ್ನು ಸರಕ್ಕನೆ ಎಳೆದು ಖಾಲಿ ಡಬ್ಬಿಯೊಳಗೆ ಒಗೆದರು. ಸೀಟಿನ ಮೇಲೆ ಸರಿಯಾಗಿ ಬಿತ್ತು. ಆಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಮಾಡುವಂತೆಯೇ, ತಿರುಗಿ ಬಂದು ಚೀಲ ಎತ್ತಿಕೊಂಡು, “ಜಾಗಾ ಆತ್ರಿ. ಇನ್ನ ಸಾವಕಾಶ ಬರ್ರಿ,” ಅಂದರು.

ಬಾಗಿಲು ಮುಚ್ಚಿತು. ಮಾಮಾನ ಟವೆಲ್ಲೊಂದೇ ಊರಿನ ಮೇಲೆ ಹೊರಟಿತು.

“ಅಯ್ಯ, ಅವರ ಟವೆಲ್ಲು!” ಎಂದು ಅಕ್ಕ ಎದ್ದವಳು, ಅದರ ಹಿಂದೆ ಬಂದ ಡಬ್ಬಿಗೆ ನಮಗಿಂತ ಮೊದಲು ಹತ್ತಿದಳು. ಯಾರೂ ಕೈ ಹಿಡಿಯಬೇಕಾಗಲಿಲ್ಲ. ಕೆಳಗೆ ಇಡೀ ಊರು ಹಾಸಿಕೊಂಡಿತ್ತು, ಆದರೆ ಅಕ್ಕ ಮುಂದಿನ ಡಬ್ಬಿಯಿಂದ ಕಣ್ಣು ಕೀಳಲಿಲ್ಲ. ಸಾಹುಕಾರರು ಕಣ್ಣು ತೆರೆಯಲಿಲ್ಲ.

ಮೇಲಿನ ನಿಲ್ದಾಣ ಹತ್ತಿರವಾದಾಗ, ಮುಂದಿನ ಡಬ್ಬಿ ಅಲ್ಲಿ ಸುತ್ತು ತಿರುಗಿ ನಮ್ಮ ಎದುರಿಗೇ ಬಂತು. ಒಳಗೆ, ಮೇಲೆ ಹತ್ತಿದ್ದ ಅಪ್ಪ, ಅಮ್ಮ, ಬೆಳೆದ ಮಗಳು ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದರು. ಎದುರಿನ ಸೀಟು ಖಾಲಿ. ಅದರ ಮೇಲೆ, ಕಿಟಕಿಯ ಪಕ್ಕ, ಮಾಮಾನ ಟವೆಲ್ಲು.

ಒಂದು ಕಣ್ಣು ತೆರೆದು ನೋಡಿದ ಸಾಹುಕಾರರು, “ಟವೆಲ್ಲಿಗೆ ಇಷ್ಟ ಮರ್ಯಾದಿ ಕೊಡ್ತಾರಂದ್ರ ನಮ್ಮ ಕಡೆಯವರ ಇರಬೇಕ್ರಿ,” ಅಂದರು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನು ಹೆದರಿದೆ.

ಕಡೆಯ ಟಿಕೀಟು

ಮೇಲೆ ನಾವು ಇಳಿಯಲೇ ಇಲ್ಲ. ಅದೇ ಡಬ್ಬಿಯಲ್ಲಿ ತಿರುಗಿ ಬಂದೆವು. ಕೆಳಗೆ ಆ ಕೆಲಸಗಾರ ಟವೆಲ್ಲನ್ನು ಮಡಚಿ ಇಟ್ಟುಕೊಂಡು ನಿಂತಿದ್ದ. ಅವನು ಹಿಂದಿಯಲ್ಲಿ ಕೇಳಿದ್ದನ್ನು ಅಕ್ಕನಿಗೆ ಹೇಳಿದೆ: “ಈ ಜಾಗಾದವರು ಎಲ್ಲೆ? ಯಾರೂ ಹತ್ತಲೇ ಇಲ್ಲಲ್ಲ ಅಂತಾನ.”

ಅಕ್ಕ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, “ಹತ್ತ್ಯಾರ ಅಂತ ಹೇಳು. ನಮ್ಮನಿಯವರು ಒಂದ ಸುತ್ತ ಹೊಡಕೊಂಡ ಬಂದ್ರು,” ಅಂದಳು.

ಇದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಅವನು ಅಕ್ಕನ ಮುಖ ನೋಡಿ, ಬೇಕೆಂದೇ ಗಂಭೀರನಾಗಿ, “ಹಾಗಾದರೆ ಅವರ ಟಿಕೆಟ್?” ಎಂದು ಕೈ ಚಾಚಿದ. ಹಳೆಯ ರೂಢಿ, ನನ್ನ ಕೈ ತಾನಾಗಿಯೇ ಕಿಸೆಗೆ ಹೋಯಿತು.

ಅಕ್ಕ ನನ್ನ ಕೈ ಹಿಡಿದಳು. ಒಂದು ವರ್ಷದ ಮೇಲೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಹೇಳಿದಳು:

“ಬಿಡೋ ತಮ್ಮಾ. ಬದುಕಿದ್ದಾಗ ಟಿಕೀಟ ತಗೀಲಾರದವರು, ಈಗ ತಗೀತಾರೇನು?”