ಪಿಂಚಣಿಗೆ ಹೊಂದುವ ಮುಖ

ಕುಕ್ಕಪ್ಪ ಮಾಸ್ತರರ ಮುಖವೇ ಹಾಗೆ. ಅದಕ್ಕೆ ಅವರು ಹೊಣೆಯಲ್ಲ. ಮದುವೆಮನೆಯಲ್ಲಿ ಹೋಳಿಗೆ ತಿನ್ನುವಾಗಲೂ ಸಾವಿನ ಮನೆಯ ಬೊಜ್ಜದ ಊಟಕ್ಕೆ ಕೂತವರ ಹಾಗೆ ಕಾಣುತ್ತಿದ್ದರು. ಇಳಿದ ಹುಬ್ಬು, ಜೋತ ಕೆನ್ನೆ, ಈಗಲೋ ಆಗಲೋ ತುಳುಕೀತು ಅನ್ನುವಂಥ ಕಣ್ಣು. ಆದರೆ ಕುತ್ತಿಗೆಯಿಂದ ಕೆಳಗೆ ಮನುಷ್ಯ ಕಗ್ಗಲ್ಲು. ಐವತ್ತೊಂದರ ಪ್ರಾಯದಲ್ಲೂ ಆಲೆಟ್ಟಿಯ ಗುಡ್ಡವನ್ನು ದಮ್ಮು ಕಟ್ಟದೆ ಹತ್ತಿ ಶಾಲೆಗೆ ಹೋಗುತ್ತಿದ್ದರು. ಸಂಜೆ ಮಕ್ಕಳ ಜೊತೆ ಕಬಡ್ಡಿಗಿಳಿದರೆ ನಾಲ್ಕು ಜನರನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಿದ್ದರು.

ಅಧ್ಯಾಪಕರ ಸಂಘದವರು ಕುತ್ತಿಗೆಯಿಂದ ಮೇಲೆ ಮಾತ್ರ ನೋಡಿದ್ದೇ ಎಲ್ಲ ಅನಾಹುತಕ್ಕೂ ಮೂಲವಾಯಿತು.

ಆ ಕಾಲದಲ್ಲಿ ಸರಕಾರಿ ಶಾಲೆಯ ಮಾಸ್ತರರಿಗೆ ಪಿಂಚಣಿ ಇತ್ತು. ಕುಕ್ಕಪ್ಪನವರಂತೆ ಊರವರು ಕಟ್ಟಿಸಿದ ಅನುದಾನಿತ ಶಾಲೆಯಲ್ಲಿ ದುಡಿದವರಿಗೆ ಇದ್ದದ್ದು ಬೀಳ್ಕೊಡುವ ದಿನದ ಒಂದು ಹಾರ, ಒಂದು ಕೊಡೆ. ಅವರ ಹಿರಿಯ ಸಹೋದ್ಯೋಗಿ ವೆಂಕಟ್ರಮಣ ಮಾಸ್ತರರು ನಿವೃತ್ತರಾದ ಮೇಲೆ ಕಬಕದ ಒಂದು ಜಿನಸಿನ ಅಂಗಡಿಯಲ್ಲಿ, ತಮ್ಮದೇ ಶಿಷ್ಯನ ಕೈಕೆಳಗೆ, ಮೆಣಸು ತೂಗುತ್ತಿದ್ದರು. "ಸರಿಯಾಗಿ ನೋಡಿ ತೂಗಿ ಮಾಸ್ತ್ರೆ!" ಎಂದು ಶಿಷ್ಯ ಗದರಿಸಿದ್ದನ್ನು ಕಣ್ಣಾರೆ ಕಂಡ ದಿನದಿಂದ ಕುಕ್ಕಪ್ಪ ಮಾಸ್ತರರಿಗೆ ನಿದ್ದೆ ಹತ್ತಿರಲಿಲ್ಲ.

ಆ ವರ್ಷ ವಿಧಾನಸಭೆಯಲ್ಲಿ ಇದೇ ಜಗಳ. ಈ ಮಾಸ್ತರರಿಗೂ ಪಿಂಚಣಿ ಕೊಡಲೇಬೇಕು ಎಂದು ಒಂದು ಪಕ್ಷ. ಬೊಕ್ಕಸವೇನು ಅಕ್ಷಯಪಾತ್ರೆಯೇ ಎಂದು ಇನ್ನೊಂದು. ಕೊನೆಗೆ ಎರಡೂ ಕಡೆಯವರು ಕೂಡಿದ ಒಂದು ಸಮಿತಿಯಾಯಿತು. ಆ ಸಮಿತಿ ಮಾರ್ಚ್ ಇಪ್ಪತ್ತೆಂಟಕ್ಕೆ ಪುತ್ತೂರಿನ ಸರಕಾರಿ ಬಂಗ್ಲೆಗೆ ಬರುತ್ತದೆ, ಮಾಸ್ತರರ ಪರವಾಗಿ ಒಬ್ಬರ ಅಹವಾಲು ಕೇಳುತ್ತದೆ ಎಂದು ಕಾಗದ ಬಂತು.

"ಒಬ್ಬರು ಅಂದ್ರೆ ನೀವೇ," ಎಂದರು ಸಂಘದ ಕಾರ್ಯದರ್ಶಿ ಮಹಾಗಣಪತಿ ಮಾಸ್ತರರು. "ಇಡೀ ಜಿಲ್ಲೆಯಲ್ಲಿ ಇಂಥಾ ಮುಖ ಬೇರೆ ಇಲ್ಲ. ನೀವು ಮಾತಾಡುದೇ ಬೇಡ, ಸುಮ್ನೆ ಕೂತ್ರೆ ಸಾಕು."

ಇಪ್ಪತ್ತೆಂಟರ ದಿನ ಬೆಳಕು ಹರಿಯುವಾಗಲೇ ಕಾರ್ಯದರ್ಶಿ ಮನೆಗೆ ಬಂದರು. ನಾಲ್ಕು ದಿನ ಕ್ಷೌರ ಮಾಡಬಾರದೆಂದು ಮೊದಲೇ ಅಪ್ಪಣೆಯಾಗಿತ್ತು. ಈಗ ತೇಪೆ ಹಾಕಿದ ಕೋಟು ಬಂತು, ಊರುಗೋಲು ಬಂತು, ಹಣೆಗೆ ಸುತ್ತಲು ಒಂದು ಮಫ್ಲರು ಬಂತು.

"ಇದೆಂತ ವೇಷ!" ಹೆಂಡತಿ ದುಗ್ಗಮ್ಮ ಕೈಯಲ್ಲಿದ್ದ ಚೆಂಬು ಬಿಟ್ಟೇಬಿಟ್ಟಳು. "ನನ್ನ ಕುಂಕುಮ ಒರೆಸ್ಲಿಕ್ಕೆ ಹೊರಟದ್ದಾ ನೀವೆಲ್ಲ?"

"ಅಕ್ಕಾ, ಸರಕಾರದ ಎದುರು ಉಂಡವನ ಹಾಗೆ ನಿಂತ್ರೆ ಎಂತದೂ ಸಿಕ್ಕುದಿಲ್ಲ," ಎಂದು ಮಹಾಗಣಪತಿ ಮಾಸ್ತರರು ಸಮಾಧಾನ ಹೇಳುವಷ್ಟರಲ್ಲಿ ನೆರೆಮನೆಯ ಅಬ್ಬಾಸ್ ಬ್ಯಾರಿ ಬೇಲಿ ದಾಟಿ ಬಂದ.

"ನಮ್ಮ ಅಜ್ಜನ ಕನ್ನಡಕ ತಂದಿದ್ದೇನೆ ಮಾಸ್ಟ್ರೆ. ಗಾಜು ನೋಡಿ, ಸೋಡಾ ಬಾಟ್ಲಿಯ ಅಡಿ! ಇದಿಲ್ಲದೆ ಮುಪ್ಪು ಪೂರ್ತಿ ಆಗುದಿಲ್ಲ."

ಕನ್ನಡಕ ಏರಿದ ಕೂಡಲೇ ಲೋಕವೆಲ್ಲ ಕಲಕಿದ ಮಜ್ಜಿಗೆಯಾಯಿತು. ಮಾಸ್ತರರು ಹೆಂಡತಿಯೆಂದುಕೊಂಡು ಕಂಬಕ್ಕೆ "ಹೋಗಿ ಬರ್ತೇನೆ" ಎಂದು ಹೇಳಿ ಹೊರಟರು.

ಸುಳ್ಯದಲ್ಲಿ ಬಸ್ಸು ಹತ್ತುವಾಗ ಒಬ್ಬರ ಕಾಲು ತುಳಿದರು, ಇನ್ನೊಬ್ಬರ ಕೋಳಿಬುಟ್ಟಿಯ ಮೇಲೆ ಕೂತರು. ಬೈಯಲು ಬಾಯಿ ತೆರೆದವರು ಮುಖ ನೋಡಿ ಬಾಯಿ ಮುಚ್ಚಿದರು. ಕೋಳಿಯ ಒಡತಿಯಂತೂ ತನ್ನ ಜಾಗವನ್ನೇ ಬಿಟ್ಟುಕೊಟ್ಟು, ಅವರ ಕೈಗೆ ಹತ್ತು ಪೈಸೆ ತುರುಕಿದಳು. ಇಪ್ಪತ್ತೇಳು ವರ್ಷ ಪಾಠ ಹೇಳಿದ ಕೈ! ಮಾಸ್ತರರು ದಂಗಾದರು. ಹಿಂದಿರುಗಿಸೋಣವೆಂದರೆ ಆಕೆ ಯಾವ ಕಡೆಗಿದ್ದಾಳೆಂದೇ ಕಾಣದು.

"ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗುದು?" ಎಂದು ಆಕೆ ಜೊತೆಗಿದ್ದ ಮಹಾಗಣಪತಿ ಮಾಸ್ತರರನ್ನು ಕೇಳಿದಳು.

"ಆಸ್ಪತ್ರೆಯಲ್ಲಿ ಆಗುವ ಕೆಲ್ಸ ಅಲ್ಲಮ್ಮಾ ಇದು," ಎಂದರು ಅವರು ನಿಟ್ಟುಸಿರಿಟ್ಟು. ಬಸ್ಸಿಗೆ ಬಸ್ಸೇ "ಅಯ್ಯೋ" ಎಂದಿತು.

ಪುತ್ತೂರಿನಲ್ಲಿ ಇಳಿಯುವಾಗ ಎರಡು ಮೆಟ್ಟಿಲನ್ನು ಒಂದೆಂದು ಲೆಕ್ಕ ಹಾಕಿದ್ದರಿಂದ ಮಾಸ್ತರರು ನೇರ ನೆಲಕ್ಕೆ ಬಂದರು. ಏಳೋಣವೆಂದರೆ ಏಳಲು ಬಿಡುವವರು ಯಾರು? ಎದುರಿನ ಹೋಟೆಲಿನಿಂದ ಯಾರೋ ಕುರ್ಚಿ ತಂದರು. ನಾಲ್ಕು ಜನ ಅವರನ್ನು ಅದರಲ್ಲಿ ಕೂರಿಸಿ, ಹೆಗಲು ಕೊಟ್ಟು, ಬಂಗ್ಲೆಯ ಏರು ಹತ್ತಿದರು. "ಬಿಡಿ ಮಾರಾಯ್ರೆ, ನಾನು ನಡೀತೇನೆ" ಎಂದು ಮಾಸ್ತರರು ಕೂಗಿದರೆ, "ಪಾಪ, ಜ್ವರ ತಲೆಗೇರಿದೆ" ಎಂದು ಹೊತ್ತವರು ನಡಿಗೆ ಬಿರುಸು ಮಾಡಿದರು. ಬಂಗ್ಲೆಯ ಅಂಗಳದಲ್ಲಿ ಸೇರಿದ್ದ ಮುನ್ನೂರು ಮಾಸ್ತರರು ಈ ಮೆರವಣಿಗೆಯನ್ನು ಕಂಡು ಟೊಪ್ಪಿ ತೆಗೆದು ನಿಂತರು.

ಒಳಗೆ ಚರ್ಚೆ ಕಾವೇರಿತ್ತು. ನಡುವೆ ಅಧ್ಯಕ್ಷರು. ಎಡಕ್ಕೆ ಜರಿಶಾಲಿನ ಸದಸ್ಯರು, ಬಲಕ್ಕೆ ಖಾದಿ ಜುಬ್ಬದ ಸದಸ್ಯರು. ಮೂಲೆಯಲ್ಲಿ ವಿದ್ಯಾ ಇಲಾಖೆಯ ಅಧಿಕಾರಿ.

"ಪಿಂಚಣಿ ಎಂದ ಕೂಡಲೇ ಮನುಷ್ಯನಿಗೆ ಆಯುಷ್ಯ ಹೆಚ್ಚಾಗುತ್ತದೆ!" ಜರಿಶಾಲು ಗುಡುಗುತ್ತಿತ್ತು. "ಒಬ್ಬೊಬ್ಬ ಮಾಸ್ತರನೂ ನೂರು ವರ್ಷ ಗುಂಡುಕಲ್ಲಿನ ಹಾಗೆ ಕೂತು ತಿಂದರೆ ರಾಜ್ಯದ ಗತಿಯೇನು?"

ಆಗಲೇ ಕುರ್ಚಿ ಒಳಗೆ ಬಂತು. ಅಧ್ಯಕ್ಷರ ಕೈಯ ಕಾಫಿ ತಟ್ಟೆಗೆ ಚೆಲ್ಲಿತು.

"ನೋಡಿ!" ಖಾದಿ ಜುಬ್ಬ ಮೇಜು ಗುದ್ದಿತು. "ಕಣ್ಣು ಬಿಟ್ಟು ನೋಡಿ! ಪಿಂಚಣಿ ಕೊಟ್ಟರೂ ಈ ಜೀವ ಎಷ್ಟು ದಿನ ತಿಂದೀತು? ಹೆಚ್ಚೆಂದರೆ ಎರಡು ಮಳೆಗಾಲ!"

ಜರಿಶಾಲಿನವರು ಎದ್ದು ಬಂದು ಕುಕ್ಕಪ್ಪ ಮಾಸ್ತರರನ್ನು ಸುತ್ತು ಹಾಕಿ, ದನ ಕೊಳ್ಳುವವರ ಹಾಗೆ ನೋಡಿದರು. "ಮಾಸ್ತರರೆಲ್ಲ ಹೀಗೇ ಇದ್ದಾರೆಯೇ?"

"ಎಲ್ಲ ಹೀಗೇ ಸ್ವಾಮಿ," ಎಂದರು ಮಹಾಗಣಪತಿ ಮಾಸ್ತರರು. "ಇವರು ಸ್ವಲ್ಪ ಪರ್ವಾಗಿಲ್ಲ."

ಜರಿಶಾಲಿನ ಮುಖ ಅರಳಿತು. "ಹಾಗಾದರೆ ಖರ್ಚೇನೂ ಬರುವ ಹಾಗಿಲ್ಲ! ನನ್ನ ಅಭ್ಯಂತರವಿಲ್ಲ."

ಅಧ್ಯಕ್ಷರು ಪೆನ್ನು ಬಿಚ್ಚಿದರು. ಮಂತ್ರಿಗಳ ಒಪ್ಪಿಗೆ ಮೊದಲೇ ಸಿಕ್ಕಿದೆ, ತಮ್ಮ ಸಹಿಯೊಂದೇ ಬಾಕಿ ಎಂದರು. ಬರುವ ಏಪ್ರಿಲ್ ಒಂದನೇ ತಾರೀಕು ಯಾರೆಲ್ಲ ಸೇವೆಯಲ್ಲಿರುತ್ತಾರೋ ಅವರಿಗೆಲ್ಲ ಪಿಂಚಣಿ ಎಂದು ಗಟ್ಟಿಯಾಗಿ ಓದಿದರು. ಇನ್ನು ನಾಲ್ಕೇ ದಿನ! ಕುಕ್ಕಪ್ಪ ಮಾಸ್ತರರ ಎದೆ ಹಿಗ್ಗಿತು. ಮುಖ ಮಾತ್ರ ಹಾಗೇ ಇತ್ತು.

"ಒಂದು ನಿಮಿಷ ಸ್ವಾಮಿ." ಮೂಲೆಯಿಂದ ಅಧಿಕಾರಿ ಎದ್ದ. ಅವನ ಮುಖ ಬಿಳಿಚಿಕೊಂಡಿತ್ತು. "ಇವರು ನಾಳೆಯೂ ತರಗತಿಗೆ ಹೋಗುತ್ತಾರೆಯೇ? ಇಂಥವರ ಕೈಗೆ ಮಕ್ಕಳನ್ನು ಒಪ್ಪಿಸಿದ್ದೇವೆಂದು ಪತ್ರಿಕೆಯವರಿಗೆ ತಿಳಿದರೆ ನನ್ನ ಗತಿ? ಅನಾರೋಗ್ಯದ ಕಾರಣ ಇವರನ್ನು ಈ ಹೊತ್ತಿನಿಂದಲೇ ಸೇವೆಯಿಂದ ಬಿಡುಗಡೆ ಮಾಡುತ್ತಿದ್ದೇನೆ."

ಬರೆದ, ಮೊಹರು ಒತ್ತಿದ. ಅಲ್ಲಿಗೆ ನೌಕರಿಯ ಜೊತೆ ಪಿಂಚಣಿಯೂ ಮುಗಿಯಿತು.

ಕುಕ್ಕಪ್ಪ ಮಾಸ್ತರರು ಹೌಹಾರಿ ಕುರ್ಚಿಯಿಂದ ನೆಗೆದರು. ಕನ್ನಡಕ ಒಂದು ಕಡೆ, ಊರುಗೋಲು ಇನ್ನೊಂದು ಕಡೆ. "ಸ್ವಾಮೀ! ನಾನು ಗಟ್ಟಿ ಇದ್ದೇನೆ! ಮೊನ್ನೆ ಸಹ ಕಬಡ್ಡಿ ಆಡಿದ್ದೇನೆ! ಬೇಕಾದ್ರೆ ಈ ಮೇಜು ಎತ್ತಿ ತೋರಿಸ್ತೇನೆ!"

"ಏನಂದಿರಿ?" ಜರಿಶಾಲಿನವರ ಕಣ್ಣು ಕಿರಿದಾಯಿತು. "ಗಟ್ಟಿ ಇದ್ದೀರಾ? ನೂರು ವರ್ಷದ ಗಿರಾಕಿಯೇ? ಅಧ್ಯಕ್ಷರೇ, ಆ ಸಹಿ ನಿಲ್ಲಿಸಿ!"

ಅಧ್ಯಕ್ಷರ ಪೆನ್ನು ಕಾಗದದಿಂದ ಅರ್ಧ ಅಂಗುಲ ಮೇಲೆ ನಿಂತಿತು.

ಬೆಳಗ್ಗಿನಿಂದ ಮೊದಲ ಬಾರಿಗೆ ಕುಕ್ಕಪ್ಪ ಮಾಸ್ತರರಿಗೆ ಲೋಕ ಸ್ವಚ್ಛವಾಗಿ ಕಾಣುತ್ತಿತ್ತು. ಕಿಟಕಿಯಾಚೆ ಅಂಗಳದ ತುಂಬ ಮಾಸ್ತರರು. ಬಿಸಿಲಿನಲ್ಲಿ, ಹರಿದ ಕೊಡೆ ಹಿಡಿದು, ಉಸಿರು ಬಿಗಿಹಿಡಿದು ಒಳಗೇ ನೋಡುತ್ತಿದ್ದಾರೆ. ಅವರಲ್ಲಿ ಯಾರೂ ವೇಷ ಹಾಕಿರಲಿಲ್ಲ.

ಮಾಸ್ತರರು ನಿಧಾನಕ್ಕೆ ಕುರ್ಚಿಯಲ್ಲಿ ಕೂತರು. ಒಮ್ಮೆ ಕೆಮ್ಮಿದರು. ಸಾಲದೆಂದು ತೋರಿ ಇನ್ನೊಮ್ಮೆ, ಕರುಳು ಕಿತ್ತು ಬರುವ ಹಾಗೆ.

"ಪಾಪ, ಜ್ವರದ ಭ್ರಮೆ," ಎಂದು ಅಧ್ಯಕ್ಷರು ಸಹಿ ಹಾಕಿದರು.

ಹೊರಗೆ ಜಯಕಾರವೇ ಜಯಕಾರ. ಹಾರದ ಮೇಲೆ ಹಾರ ಬಿದ್ದು ಮಾಸ್ತರರು ಮೂಗಿನವರೆಗೆ ಮುಚ್ಚಿಹೋದರು. ಹೂವಿನೊಳಗಿಂದಲೇ ಅವರು ಮಹಾಗಣಪತಿ ಮಾಸ್ತರರ ಕೈ ಹಿಡಿದರು.

"ಸೆಕ್ರೆಟರಿಯವ್ರೆ, ನಿಮಗೆಲ್ಲ ಆಯ್ತು. ನನ್ನದೊಂದು ಅರ್ಜಿ ಸಂಘದ ಲೆಕ್ಕದಲ್ಲಿ ಇವತ್ತೇ ಹಾಕಿ. ನಾಲ್ಕು ದಿನದಲ್ಲಿ ತಪ್ಪಿಹೋದದ್ದು, ಏನಾದ್ರೂ ಮಾಡ್ಲಿಕ್ಕೆ ಆದೀತು."

ಮಹಾಗಣಪತಿ ಮಾಸ್ತರರು ನೆಲ ನೋಡಿದರು. ಆಮೇಲೆ ಆಕಾಶ ನೋಡಿದರು.

"ಹಾಕಬಹುದಿತ್ತು ಮಾರಾಯ್ರೆ. ಆದ್ರೆ ನಮ್ಮದು ಸೇವೆಯಲ್ಲಿ ಇರುವವರ ಸಂಘ ಅಲ್ವಾ? ಬೈಲಾದಲ್ಲೇ ಹಾಗೆ ಉಂಟು. ಹದಿನೈದು ನಿಮಿಷದಿಂದ ನೀವು ಮೆಂಬರು ಅಲ್ಲ."

"ಮತ್ತೆ ನಾನು ಯಾರ ಹತ್ರ ಹೇಳುದು?"

"ಐದು ವರ್ಷಕ್ಕೊಮ್ಮೆ ಸಮಿತಿ ಬರ್ತದಂತೆ. ಆಗ ನೀವೇ ಬಂದು ಹೇಳಿ," ಎಂದು ಅವರು ಕುಕ್ಕಪ್ಪ ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿ ದನಿ ತಗ್ಗಿಸಿದರು. "ಆದ್ರೆ ಒಂದು ಮಾತು ಉಂಟು ಮಾಸ್ತ್ರೆ. ಆಗ ಹೀಗೆ ಬರಬೇಡಿ. ಕ್ಷೌರ ಮಾಡಿ, ಸ್ವಲ್ಪ ಗಟ್ಟಿಮುಟ್ಟಾಗಿ ಬನ್ನಿ. ಎರಡೇ ಮಳೆಗಾಲ ಬದುಕುವವರು ಐದು ವರ್ಷ ಬಿಟ್ಟು ಇದೇ ಮುಖದಲ್ಲಿ ಬಂದ್ರೆ ಸರಕಾರ ಹೆದರಿ ಓಡೀತು."